ಜಾಕ್ ಕಿಣ್ವ ತಡೆಯುವ ಸಣ್ಣ ಅಣು: ಡಾಕಿಂಗ್ ಅಂಕದಿಂದ ರಕ್ತಕೋಶದ ಪುರಾವೆವರೆಗೆ ಹಂತ ಹಂತವಾಗಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಫಾರ್ಮಸಿ ಮತ್ತು ಬಯೋಟೆಕ್ನಾಲಜಿ ಡಿಸರ್ಟೇಶನ್‌ಗಳಲ್ಲಿ ಒಂದೇ ತರದ ಕೆಲಸ ಮತ್ತೆ ಮತ್ತೆ ಎದುರಾಗುತ್ತದೆ. ಸಂಧಿವಾತಕ್ಕೆ ಔಷಧ ಹುಡುಕುತ್ತೇವೆ ಅಂತ ಶುರು. ಬೇವು, ತುಳಸಿ, ಅರಿಶಿನದ ಒಂದಷ್ಟು ಅಣುಗಳನ್ನು ಡೌನ್‌ಲೋಡ್ ಮಾಡುತ್ತಾರೆ. ರೋಗನಿರೋಧಕ ಕೋಶದೊಳಗೆ ಸಂಕೇತ ಸಾಗಿಸುವ ಜಾಕ್ ಪ್ರೋಟೀನ್ ಮೇಲೆ ಡಾಕಿಂಗ್ ನಡೆಸುತ್ತಾರೆ, ಅಂದರೆ ಅಣು ಅದರಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಅಂದಾಜು ಮಾಡುತ್ತಾರೆ. ಅಂಕ ಮೈನಸ್ 9 ಬಂದ ಅಣುವಿಗೆ (ಮೈನಸ್ ಹೆಚ್ಚಾದಷ್ಟೂ ಗಟ್ಟಿಯಾಗಿ ಅಂಟುತ್ತದೆ ಅಂತ ಲೆಕ್ಕ) ‘ಪ್ರಬಲ ಪ್ರತಿಬಂಧಕ’ ಅಂತ ಬಿರುದು ಕೊಟ್ಟು ಡಿಸರ್ಟೇಶನ್ ಪುಸ್ತಕವನ್ನು ಬೈಂಡಿಂಗ್‌ಗೆ ಕಳಿಸುತ್ತಾರೆ. ವೈವಾದಲ್ಲಿ ‘ಇದೇ ಪ್ರೋಟೀನ್ ಮೇಲೆ ಟೋಫಾಸಿಟಿನಿಬ್ ಇಟ್ಟು ನೋಡಿದ್ರಾ?’ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಟೋಫಾಸಿಟಿನಿಬ್ ಅಂದರೆ ಜಾಕ್ ತಡೆಯುವ, ಈಗಾಗಲೇ ಬಳಕೆಯಲ್ಲಿರುವ ಸಂಧಿವಾತದ ಔಷಧ.

ಈ ಮಕ್ಕಳಿಗೆ ಶ್ರಮದ ಕೊರತೆ ಇಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೇ. ಮೊದಲು ಮಾಡಬೇಕಾದ ಪರೀಕ್ಷೆ ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಅಣು ಕೆಲಸ ಮಾಡುತ್ತದೆ ಅಂತ ತೋರಿಸುವ ಪರೀಕ್ಷೆಗಿಂತ ಮುಂಚೆ, ಅದು ಕೆಲಸ ಮಾಡದಿದ್ದರೆ ನಮಗೆ ಗೊತ್ತಾಗುತ್ತದಾ ಅಂತ ತೋರಿಸುವ ಪರೀಕ್ಷೆ ಆಗಬೇಕು. ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ.

## ಶುರುವಿಗೆ ಮುಂಚೆ ಏನೇನು ಬೇಕು

ಕಂಪ್ಯೂಟರ್ ಭಾಗಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಡಾಕಿಂಗ್‌ಗೆ ಆಟೋಡಾಕ್ ವೀನಾ, ಅಣುಗಳ ಕಡತ ಸರಿಮಾಡಲು ಆರ್‌ಡಿಕಿಟ್ ಮತ್ತು ಓಪನ್ ಬೇಬಲ್, ಕಣ್ಣಾರೆ ನೋಡಲು ಕೈಮೆರಾಎಕ್ಸ್. ಇವೆಲ್ಲ ಓದುವವರಿಗೆ ಉಚಿತ. ಪ್ರೋಟೀನ್ ರಚನೆಗೆ ಪಿಡಿಬಿ, ಈಗಾಗಲೇ ಅಳೆದ ಅಣುಗಳ ಮಾಹಿತಿಗೆ ಚೆಂಬಲ್. ಇವೂ ಉಚಿತವೇ.

ಲ್ಯಾಬ್ ಭಾಗಕ್ಕೆ ಕಿಣ್ವದ ಕಿಟ್, ಪ್ಲೇಟ್ ರೀಡರ್, 37 ಡಿಗ್ರಿಯ ವಾಟರ್ ಬಾತ್, ಮೈನಸ್ 20ರ ಫ್ರೀಜರ್, ಅಣು ಕರಗಿಸುವ ದ್ರವ ಡಿಎಂಎಸ್‌ಒ ಮತ್ತು ಶುದ್ಧ ಟೋಫಾಸಿಟಿನಿಬ್ ಪುಡಿ ಬೇಕು. ಮೆಡಿಕಲ್ ಶಾಪಿನ ಮಾತ್ರೆ ಕುಟ್ಟಿ ಬಳಸಬೇಡಿ. ಅದರಲ್ಲಿ ಔಷಧಕ್ಕಿಂತ ತುಂಬುಪುಡಿ ಜಾಸ್ತಿ ಇರುತ್ತದೆ. ಸಾಂದ್ರತೆ ಎಷ್ಟು ಅಂತ ನಿಖರವಾಗಿ ಹೇಳಲು ಆಗುವುದಿಲ್ಲ.

ಮನುಷ್ಯರ ರಕ್ತ ಬಳಸುವುದಾದರೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮೊದಲೇ ಬೇಕು. ಸಿನಾಪ್ಸಿಸ್ ಕೊಡುವಾಗಲೇ ಅರ್ಜಿ ಹಾಕಿ. ಸ್ನೇಹಿತರಿಂದ ಒಂದು ಟ್ಯೂಬ್ ರಕ್ತ ತೆಗೆದರೂ ಈ ನಿಯಮ ಅನ್ವಯಿಸುತ್ತದೆ.

## ಹಂತ 1: ಯಾವ ಸಂಕೇತ ತಡೆಯಬೇಕು ಅಂತ ಹೆಸರು ಹಿಡಿದು ಬರೆಯಿರಿ

‘ರೋಗನಿರೋಧಕ ಕೋಶದ ಸಂಕೇತ ತಡೆಯುತ್ತೇವೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. ದಾರಿ ಹೀಗಿದೆ: ಸೈಟೋಕೈನ್ (ಕೋಶಗಳು ಒಂದಕ್ಕೊಂದು ಕಳಿಸುವ ಸಂಕೇತದ ಪ್ರೋಟೀನ್) ಬಂದು ಕೋಶದ ಮೇಲಿನ ರಿಸೆಪ್ಟರ್‌ಗೆ ಅಂಟುತ್ತದೆ. ರಿಸೆಪ್ಟರ್‌ನ ಒಳತುದಿಯಲ್ಲಿ ಜಾಕ್ ಕಿಣ್ವಗಳು ಜೋಡಿಯಾಗಿ ಕೂತಿರುತ್ತವೆ. ಅವು ಕೋಶದ ಶಕ್ತಿಯ ಅಣುವಾದ ಎಟಿಪಿಯಿಂದ ಫಾಸ್ಫೇಟ್ ತೆಗೆದು ಒಂದಕ್ಕೊಂದು ಸೇರಿಸುತ್ತವೆ, ಆಮೇಲೆ ಸ್ಟಾಟ್ ಪ್ರೋಟೀನ್‌ಗೆ ಸೇರಿಸುತ್ತವೆ. ಫಾಸ್ಫೇಟ್ ಪಡೆದ ಸ್ಟಾಟ್‌ಗಳು ಜೋಡಿಯಾಗಿ ನ್ಯೂಕ್ಲಿಯಸ್‌ಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತವೆ.

ಜಾಕ್ ಕಿಣ್ವಗಳು ನಾಲ್ಕು: ಜಾಕ್1, ಜಾಕ್2, ಜಾಕ್3, ಟೈಕ್2. ಯಾವ ಸೈಟೋಕೈನ್‌ಗೆ ಯಾವ ಜೋಡಿ ಅನ್ನುವುದೇ ಇಡೀ ಕೆಲಸದ ನಕ್ಷೆ. ಐಎಲ್ ಅಂದರೆ ಇಂಟರ್‌ಲ್ಯೂಕಿನ್, ಸೈಟೋಕೈನ್‌ಗಳ ಒಂದು ಗುಂಪು. ಐಎಲ್-2, ಐಎಲ್-15 ಜಾಕ್1 ಮತ್ತು ಜಾಕ್3 ಜೋಡಿ ಬಳಸುತ್ತವೆ. ಐಎಲ್-6 ಮುಖ್ಯವಾಗಿ ಜಾಕ್1 ಮೇಲೆ ನಿಂತಿದೆ, ಜೊತೆಗೆ ಜಾಕ್2 ಮತ್ತು ಟೈಕ್2 ಇರುತ್ತವೆ. ಇಂಟರ್‌ಫೆರಾನ್ ಗಾಮಾಗೆ ಜಾಕ್1, ಜಾಕ್2. ಐಎಲ್-12, ಐಎಲ್-23ಕ್ಕೆ ಜಾಕ್2, ಟೈಕ್2. ಕೆಂಪು ರಕ್ತಕಣ ಹುಟ್ಟಿಸುವ ಎರಿತ್ರೋಪೊಯೆಟಿನ್‌ಗೆ ಎರಡು ಜಾಕ್2.

ಈ ನಕ್ಷೆಯ ಪಕ್ಕದಲ್ಲೇ ಇನ್ನೊಂದು ಕಾಲಂ ಎಳೆಯಿರಿ: ‘ತಡೆದರೆ ಏನು ಕೆಡುತ್ತದೆ?’ ಜಾಕ್2 ಜಾಸ್ತಿ ತಡೆದರೆ ರಕ್ತಹೀನತೆ, ಪ್ಲೇಟ್‌ಲೆಟ್ ಇಳಿತ. ಜಾಕ್3 ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ತೀವ್ರ ರೋಗನಿರೋಧಕ ಕೊರತೆ ಇರುತ್ತದೆ. ಇಂಟರ್‌ಫೆರಾನ್ ಗಾಮಾ ಮತ್ತು ಐಎಲ್-12 ನಮ್ಮ ದೇಹ ಕ್ಷಯದ ಬ್ಯಾಕ್ಟೀರಿಯಾ ಹಿಡಿದಿಡುವ ಮುಖ್ಯ ದಾರಿಗಳು. ಕ್ಷಯ ಇನ್ನೂ ಮನೆಮನೆಗೆ ಗೊತ್ತಿರುವ ನಮ್ಮ ಭಾಗದಲ್ಲಿ ಈ ಕಾಲಂ ಖಾಲಿ ಬಿಟ್ಟರೆ ಅದು ಬೇಜವಾಬ್ದಾರಿ. ಜಾಕ್ ತಡೆಯುವ ಮಾತ್ರೆ ಶುರು ಮಾಡುವ ಮುಂಚೆ ವೈದ್ಯರು ಕ್ಷಯದ ಪರೀಕ್ಷೆ ಮಾಡಿಸುವುದು ಇದಕ್ಕೇ.

ಎಚ್ಚರಿಕೆಯ ಸುಳಿವು: ನಿಮ್ಮ ಸಿನಾಪ್ಸಿಸ್‌ನಲ್ಲಿ ‘ಉರಿಯೂತ ಕಡಿಮೆ ಮಾಡುವುದು’ ಅಂತ ಮಾತ್ರ ಇದ್ದು ಒಂದೂ ಸೈಟೋಕೈನ್ ಹೆಸರು ಇಲ್ಲದಿದ್ದರೆ ಹಂತ 1 ಮುಗಿದಿಲ್ಲ.

## ಹಂತ 2: ಪ್ರೋಟೀನ್‌ನ ಯಾವ ಜಾಗಕ್ಕೆ ಅಂಟಬೇಕು ಅಂತ ಆರಿಸಿ

ಮೂರು ದಾರಿ ಸಾಬೀತಾಗಿವೆ. ಮೊದಲನೆಯದು ಎಟಿಪಿ ಕೂರುವ ಕುಳಿಗೇ ಹೋಗಿ ಕೂರುವುದು. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೋಫಾಸಿಟಿನಿಬ್ ಇದೇ ತರದ್ದು. ತೊಂದರೆ ಏನೆಂದರೆ ನಾಲ್ಕೂ ಜಾಕ್‌ಗಳಲ್ಲಿ ಈ ಕುಳಿ ಹೆಚ್ಚುಕಡಿಮೆ ಒಂದೇ ರೀತಿ ಇದೆ.

ಎರಡನೆಯದು ಪಕ್ಕದ ಹುಸಿ ಕೈನೇಸ್ ಭಾಗಕ್ಕೆ ಅಂಟುವುದು. ಆ ಭಾಗ ಕಿಣ್ವದ ಲಗಾಮು ಇದ್ದಂತೆ. 2022ರಲ್ಲಿ ಅನುಮತಿ ಪಡೆದ ಡ್ಯೂಕ್ರಾವಾಸಿಟಿನಿಬ್ ಟೈಕ್2ರ ಈ ಭಾಗ ಹಿಡಿದುಕೊಂಡು ಕಿಣ್ವ ಏಳದಂತೆ ಮಾಡುತ್ತದೆ. ಮೂರನೆಯದು ಗಟ್ಟಿ ರಾಸಾಯನಿಕ ಬಂಧ. ಜಾಕ್3ರಲ್ಲಿ 909ನೇ ಸ್ಥಾನದಲ್ಲಿ ಸಿಸ್ಟೀನ್ ಇದೆ, ಉಳಿದ ಮೂರು ಜಾಕ್‌ಗಳಲ್ಲಿ ಅದೇ ಜಾಗದಲ್ಲಿ ಸೆರಿನ್ ಇದೆ. 2023ರಲ್ಲಿ ಬಂದ ರಿಟ್ಲೆಸಿಟಿನಿಬ್ ಆ ಸಿಸ್ಟೀನ್‌ಗೇ ಅಂಟಿಕೊಳ್ಳುತ್ತದೆ.

ಕಾಲೇಜು ಮಟ್ಟದ ಕೆಲಸಕ್ಕೆ ಎಟಿಪಿ ಕುಳಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಹೋಲಿಸಿ ನೋಡಲು ಬೇಕಾದಷ್ಟು ಮಾಹಿತಿ ಸಿಗುವುದು ಅಲ್ಲಿಯೇ. ಸಿಸ್ಟೀನ್‌ಗೆ ಅಂಟುವ ಅಣುವನ್ನು ಮಾಮೂಲಿ ವೀನಾ ಡಾಕಿಂಗ್‌ನಲ್ಲಿ ಇಟ್ಟು ಅಂಕ ಓದಬೇಡಿ. ಆ ಬಂಧದ ಲೆಕ್ಕ ಅದರಲ್ಲಿ ಇಲ್ಲ.

## ಹಂತ 3: ಯಾವಾಗ ಕೈಬಿಡಬೇಕು ಅನ್ನುವ ನಿಯಮ ಈಗಲೇ ಬರೆದಿಡಿ

ಫಲಿತಾಂಶ ಕಣ್ಣಮುಂದೆ ಬಂದ ಮೇಲೆ ನಿಯಮ ಬರೆದರೆ ಮನಸ್ಸು ತನಗೆ ಬೇಕಾದಂತೆ ಬರೆಯುತ್ತದೆ. ಹಾಗಾಗಿ ಮೊದಲೇ ಬರೆದು ಗೈಡ್ ಸಹಿ ಹಾಕಿಸಿ. ಉದಾಹರಣೆಗೆ: ಕಿಣ್ವದ ಪರೀಕ್ಷೆಯಲ್ಲಿ 1 ಮೈಕ್ರೋಮೋಲಾರ್‌ಗಿಂತ ಮೇಲೆ ಐಸಿ50 (ಕಿಣ್ವದ ಅರ್ಧ ಕೆಲಸ ನಿಲ್ಲಿಸುವ ಸಾಂದ್ರತೆ) ಬಂದರೆ ಕೈಬಿಡುವುದು. ಡಿಟರ್ಜೆಂಟ್ ಹಾಕಿದಾಗ ತಡೆ ಮಾಯವಾದರೆ ಕೈಬಿಡುವುದು. ಸಂಕೇತ ತಡೆಯುವ ಪ್ರಮಾಣದಲ್ಲೇ ಕೋಶ ಸತ್ತರೆ ಕೈಬಿಡುವುದು. ನಿಮ್ಮ ಸಂಖ್ಯೆ ಬೇರೆ ಇರಬಹುದು. ಆದರೆ ಸಂಖ್ಯೆ ಇರಲೇಬೇಕು.

## ಹಂತ 4: ಪ್ರೋಟೀನ್ ರಚನೆ ಸರಿಮಾಡಿಕೊಳ್ಳಿ

ಟೋಫಾಸಿಟಿನಿಬ್ ಕೂತಿರುವ ರಚನೆಗಳನ್ನೇ ಆರಿಸಿ. ಪಿಡಿಬಿಯಲ್ಲಿ ಜಾಕ್1ಕ್ಕೆ 3ಇವೈಜಿ, ಜಾಕ್2ಕ್ಕೆ 3ಎಫ್‌ಯುಪಿ, ಜಾಕ್3ಕ್ಕೆ 3ಎಲ್‌ಎಕ್ಸ್‌ಕೆ, ಟೈಕ್2ಕ್ಕೆ 3ಎಲ್‌ಎಕ್ಸ್‌ಎನ್. ನಾಲ್ಕರಲ್ಲೂ ಒಂದೇ ಔಷಧ ಇರುವುದರಿಂದ ಹೋಲಿಕೆ ನ್ಯಾಯವಾಗಿರುತ್ತದೆ.

ಒಂದೇ ಕಡತದಲ್ಲಿ ಎರಡು ಸರಣಿ ಇದ್ದರೆ ಒಂದನ್ನು ಉಳಿಸಿ. ಒಂದೇ ಅಮೈನೋ ಆಮ್ಲ ಎರಡು ಭಂಗಿಯಲ್ಲಿ ಬರೆದಿದ್ದರೆ ಒಂದನ್ನು ಆರಿಸಿ. ಹೈಡ್ರೋಜನ್ ಸೇರಿಸಿ. ಫಾಸ್ಫೇಟ್ ಅಂಟಿದ ಟೈರೋಸಿನ್‌ಗಳು ಇರಬಹುದು. ಸಾಫ್ಟ್‌ವೇರ್ ಗುರುತಿಸಲಿಲ್ಲ ಅಂತ ಅವನ್ನು ಅಳಿಸಿ ಹಾಕಬೇಡಿ. ನೀರಿನ ಅಣುಗಳನ್ನು ಕಣ್ಣುಮುಚ್ಚಿ ತೆಗೆಯುವ ಮುಂಚೆ ಕುಳಿಯೊಳಗೆ ಔಷಧಕ್ಕೂ ಪ್ರೋಟೀನ್‌ಗೂ ಸೇತುವೆಯಾಗಿ ಯಾವುದಾದರೂ ಇದೆಯಾ ಅಂತ ನೋಡಿ.

ಕಡತ ಸಿದ್ಧವಾದ ಮೇಲೆ ಕೈಮೆರಾಎಕ್ಸ್‌ನಲ್ಲಿ ತೆರೆದು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಕುಳಿ ಎಲ್ಲಿದೆ, ಕಿಣ್ವದ ಎರಡು ಭಾಗ ಜೋಡಿಸುವ, ಔಷಧ ಕೈಹಿಡಿಯುವ ಹಿಂಜ್ ಅನ್ನುವ ಪಟ್ಟಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಬರಬೇಕು. ಜಾಕ್1ರಲ್ಲಿ ಗ್ಲುಟಮೇಟ್ 957 ಮತ್ತು ಲ್ಯೂಸಿನ್ 959 ಹುಡುಕಿ. ಮುಂದಿನ ಹಂತ ಪೂರ್ತಿ ಈ ಎರಡರ ಮೇಲೆ ನಿಂತಿದೆ.

## ಹಂತ 5: ಗೊತ್ತಿರುವ ಔಷಧವನ್ನು ಹೊರತೆಗೆದು ಮತ್ತೆ ಕೂರಿಸಿ

ಇದನ್ನೇ ಎಲ್ಲರೂ ಬಿಡುತ್ತಾರೆ. ರಾಯಚೂರು ಎಪಿಎಂಸಿಯಲ್ಲಿ ಹತ್ತಿ ತೂಗುವ ಮುಂಚೆ ತೂಕದ ಕಲ್ಲು ಇಟ್ಟು ಕಾಟಾ ಸರಿ ಇದೆಯಾ ಅಂತ ನೋಡಬೇಕು ಅಲ್ವಾ? ಇದೂ ಅದೇ ಕೆಲಸ. ಟೋಫಾಸಿಟಿನಿಬ್ ಎಲ್ಲಿ, ಯಾವ ಭಂಗಿಯಲ್ಲಿ ಕೂರುತ್ತದೆ ಅಂತ ಎಕ್ಸ್‌ರೇ ರಚನೆ ಈಗಾಗಲೇ ಹೇಳಿದೆ. ನಿಮ್ಮ ಡಾಕಿಂಗ್ ಅದನ್ನೇ ಹೇಳದಿದ್ದರೆ ಹೊಸ ಅಣುವಿನ ಬಗ್ಗೆ ಅದು ಹೇಳುವುದನ್ನು ನಂಬಲು ಕಾರಣವಿಲ್ಲ.

ಅಣುವನ್ನು ರಚನೆಯಿಂದ ನೇರವಾಗಿ ನಕಲು ಮಾಡಬೇಡಿ, ಅದರಲ್ಲಿ ಉತ್ತರ ಅಡಗಿರುತ್ತದೆ. ಅಣುಗಳ ಉಚಿತ ಸಂಗ್ರಹ ಪಬ್‌ಕೆಮ್‌ನಿಂದ ಸ್ಮೈಲ್ಸ್ ಸಾಲು (ಅಣುವಿನ ರಚನೆಯನ್ನು ಅಕ್ಷರಗಳಲ್ಲಿ ಬರೆದದ್ದು) ತೆಗೆದು ಹೊಸದಾಗಿ ಮೂರು ಆಯಾಮದ ಆಕಾರ ಮಾಡಿ. ಇಲ್ಲಿ ಎರಡು ಗುಂಡಿ ಇವೆ. ಒಂದು, ಟೋಫಾಸಿಟಿನಿಬ್‌ನಲ್ಲಿ ಎರಡು ಕೈರಲ್ ಕೇಂದ್ರ (ಎಡಗೈ-ಬಲಗೈಯಂತೆ ಎರಡು ಜೋಡಣೆ ಸಾಧ್ಯವಿರುವ ಪರಮಾಣು) ಇವೆ, ಎರಡೂ ‘ಆರ್’ ಜೋಡಣೆ. ಸ್ಮೈಲ್ಸ್ ಸಾಲಿನಲ್ಲಿ @ ಚಿಹ್ನೆ ಇಲ್ಲದಿದ್ದರೆ ನೀವು ತೆಗೆದದ್ದು ಜೋಡಣೆ ಹೇಳದ ಚಪ್ಪಟೆ ಸಾಲು. ಸಾಫ್ಟ್‌ವೇರ್ ತನಗೆ ತೋಚಿದ ಜೋಡಣೆ ಹಾಕಿಬಿಡುತ್ತದೆ, ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇನ್ನೊಂದು, ಪೈರೋಲೋಪಿರಿಮಿಡಿನ್ ಉಂಗುರದ ಹೈಡ್ರೋಜನ್ ಪೈರೋಲ್ ಕಡೆಯ ನೈಟ್ರೋಜನ್ ಮೇಲೇ ಇರಬೇಕು. ಅದು ಜಾಗ ಬದಲಿಸಿದರೆ ಹಿಂಜ್ ಜೊತೆಗಿನ ಬಂಧ ತಲೆಕೆಳಗಾಗುತ್ತದೆ.

ಪೆಟ್ಟಿಗೆಯ ಮಧ್ಯಬಿಂದು ಮೂಲ ಔಷಧದ ಮಧ್ಯದಲ್ಲಿ ಇರಲಿ. ಪ್ರತಿ ಬದಿ 20ರಿಂದ 25 ಆಂಗ್‌ಸ್ಟ್ರಾಂ ಸಾಕು. ಇಡೀ ಪ್ರೋಟೀನ್ ಮುಚ್ಚುವ ಪೆಟ್ಟಿಗೆ ಹಾಕಿದರೆ ಅಣು ಹೊರಮೈಯಲ್ಲಿ ಎಲ್ಲೋ ಹೋಗಿ ಕೂರುತ್ತದೆ. ಹುಡುಕಾಟದ ತೀವ್ರತೆ ಮೊದಲಿಗೆ 8 ಇರುತ್ತದೆ, 32ಕ್ಕೆ ಏರಿಸಿ. ಬೇರೆ ಬೇರೆ ಬೀಜ ಸಂಖ್ಯೆ ಕೊಟ್ಟು ಹಲವು ಸಲ ಓಡಿಸಿ.

ಪಾಸ್ ಆಗಲು ಎರಡು ಷರತ್ತು. ಮೂಲ ಭಂಗಿಗೂ ನಿಮ್ಮ ಭಂಗಿಗೂ ಇರುವ ಆರ್‌ಎಂಎಸ್‌ಡಿ, ಅಂದರೆ ಪರಮಾಣುಗಳ ಸರಾಸರಿ ಅಂತರ, 2 ಆಂಗ್‌ಸ್ಟ್ರಾಂ ಒಳಗಿರಬೇಕು. ಮತ್ತು ಉಂಗುರದ ಎನ್‌ಎಚ್ ಗ್ಲುಟಮೇಟ್ 957ರ ಬೆನ್ನೆಲುಬಿನ ಆಕ್ಸಿಜನ್ ಕಡೆಗೆ, ಪಿರಿಮಿಡಿನ್ ನೈಟ್ರೋಜನ್ ಲ್ಯೂಸಿನ್ 959ರ ಎನ್‌ಎಚ್ ಕಡೆಗೆ ಸುಮಾರು 3 ಆಂಗ್‌ಸ್ಟ್ರಾಂ ದೂರದಲ್ಲಿ ಇರಬೇಕು. ಅಂಕ ಮೈನಸ್ 8 ಬಂದು ಉಂಗುರ ಹೊರಕ್ಕೆ ಮುಖ ಮಾಡಿದ್ದರೆ ಅದು ಫೇಲ್. ಫೇಲ್ ಆದರೆ ಹಂತ 4ಕ್ಕೆ ವಾಪಸ್ ಹೋಗಿ. ಮುಂದೆ ಹೋಗಬೇಡಿ.

ಮೈನಸ್ 8.9 ಬಂದ ಅಣುವಿಗಿಂತ ಮೈನಸ್ 9.3 ಬಂದದ್ದು ಮೇಲು ಅಂತ ಬರೆಯುವವರಿಗೆ ಒಂದು ಮಾತು. 1.4 ಕಿಲೋಕ್ಯಾಲರಿ ವ್ಯತ್ಯಾಸ ಅಂದರೆ ಅಂಟುವ ಶಕ್ತಿಯಲ್ಲಿ ಸುಮಾರು ಹತ್ತು ಪಟ್ಟು. ಇಂತಹ ಡಾಕಿಂಗ್ ಅಂಕಗಳ ತಪ್ಪಿನ ವ್ಯಾಪ್ತಿಯೇ 2ರಿಂದ 3 ಕಿಲೋಕ್ಯಾಲರಿ. ಹಾಗಿದ್ದ ಮೇಲೆ 0.4ರ ವ್ಯತ್ಯಾಸಕ್ಕೆ ಬೆಲೆ ಇಲ್ಲ. ಜೊತೆಗೆ ಅಣು ದೊಡ್ಡದಾದಷ್ಟೂ ಅಂಕ ತಾನಾಗಿ ಏರುತ್ತದೆ. ಟೋಫಾಸಿಟಿನಿಬ್‌ನ ಅಣುತೂಕ 312 ಮಾತ್ರ. ಸಕ್ಕರೆ ಗುಂಪು ಅಂಟಿದ 600 ತೂಕದ ಸಸ್ಯದ ಅಣು ಅದನ್ನು ‘ಸೋಲಿಸಿತು’ ಅಂದರೆ ಗಾತ್ರ ಗೆದ್ದಿತು ಅಂತಷ್ಟೇ ಅರ್ಥ.

## ಹಂತ 6: ಸುಳ್ಳು ಅಣುಗಳ ನಡುವೆ ನಿಜದ ಅಣು ಸಿಗುತ್ತದಾ ನೋಡಿ

ಚೆಂಬಲ್‌ನಿಂದ ಜಾಕ್1 ತಡೆಯುತ್ತವೆ ಅಂತ ಅಳೆದು ತೋರಿಸಿದ 20 ಅಣು ತೆಗೆದುಕೊಳ್ಳಿ. ಅಷ್ಟೇ ತೂಕದ, ಅದೇ ತರದ ಗುಣಗಳ, ಆದರೆ ಬೇರೆ ರಚನೆಯ ಸಾವಿರ ಅಣು ಬೆರೆಸಿ. ಜಾಕ್2ಕ್ಕಾದರೆ ಡಿಯುಡಿ-ಇ ಸಂಗ್ರಹದಲ್ಲಿ ಇಂತಹ ಕಂತೆ ಸಿದ್ಧವಾಗಿಯೇ ಸಿಗುತ್ತದೆ. ಎಲ್ಲವನ್ನೂ ಡಾಕ್ ಮಾಡಿ. ಮೇಲಿನ ಹತ್ತು ಸ್ಥಾನದಲ್ಲಿ ನಿಜದ ಅಣು ಎಷ್ಟು ಬಂದವು? ಒಂದೂ ಬರದಿದ್ದರೆ ನಿಮ್ಮ ಪಟ್ಟಿ ಚೀಟಿ ಎತ್ತಿದ್ದಕ್ಕಿಂತ ಮೇಲಲ್ಲ.

ಇದು ಪಾಸಾದ ಮೇಲೆ ಮಾತ್ರ ನಿಮ್ಮ ಸ್ವಂತ ಅಣುಗಳ ಸರದಿ.

ಸಸ್ಯದ ಅಣುಗಳ ಬಗ್ಗೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಹೆಚ್ಚಿನ ಪ್ರಾಜೆಕ್ಟ್ ಅಲ್ಲೇ ಬೀಳುತ್ತವೆ. ಅರಿಶಿನದ ಕರ್ಕ್ಯುಮಿನ್ ಎಲ್ಲ ಪರೀಕ್ಷೆಯಲ್ಲೂ ‘ಕೆಲಸ ಮಾಡುತ್ತದೆ’. ಅದು ನೀರಿನಲ್ಲಿ ನಿಲ್ಲುವುದಿಲ್ಲ, ಬೇಗ ಒಡೆಯುತ್ತದೆ, ತಾನೇ ಬೆಳಕು ಸೂಸುತ್ತದೆ, ಪ್ರೋಟೀನ್‌ಗಳ ಜೊತೆ ರಾಸಾಯನಿಕವಾಗಿ ಸೆಣಸುತ್ತದೆ. ಹಾಗಾಗಿ ಅಳತೆಗಳನ್ನೇ ಕೆಡಿಸುತ್ತದೆ. ಕ್ವೆರ್ಸೆಟಿನ್ ನೀರಿನಲ್ಲಿ ಸಣ್ಣ ಗಂಟು ಕಟ್ಟಿ ಯಾವ ಕಿಣ್ವ ಸಿಕ್ಕರೂ ಸುತ್ತಿಕೊಳ್ಳುತ್ತದೆ. ಇಂತಹ ಮೋಸದ ಗುಂಪುಗಳನ್ನು ಪೇನ್ಸ್ ಅಂತ ಕರೆಯುತ್ತಾರೆ. ಆರ್‌ಡಿಕಿಟ್‌ನಲ್ಲಿ ಅದರ ಜರಡಿ ಇದೆ, ನಿಮ್ಮ ಪಟ್ಟಿಯನ್ನು ಅದರಲ್ಲಿ ಸೋಸಿ. ಸಸ್ಯದಿಂದ ಔಷಧ ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಅಣುಗಳಿಗೆ ಪರೀಕ್ಷೆ ಎರಡು ಪಟ್ಟು ಬಿಗಿ ಇರಬೇಕು.

ಉಳಿದ ಅಣುಗಳನ್ನು ಒಂದೊಂದಾಗಿ ಕಣ್ಣಿಂದ ನೋಡಿ. ಹಿಂಜ್ ಜೊತೆ ಬಂಧ ಇಲ್ಲದ್ದನ್ನು ತೆಗೆದುಹಾಕಿ.

## ಹಂತ 7: ಅಣು ತರಿಸಿ, ಕರಗಿಸಿ, ಸರಿಯಾಗಿ ಇಡಿ

ಕಂಪನಿಯಿಂದ ತರಿಸಿದರೆ ಶುದ್ಧತೆಯ ಪ್ರಮಾಣಪತ್ರ ಕೇಳಿ. 95 ಶೇಕಡಕ್ಕಿಂತ ಕಡಿಮೆ ಇದ್ದರೆ ಬೇಡ. ಉಳಿದ 5ರಲ್ಲೇ ಪ್ರಬಲವಾದದ್ದೇನೋ ಇದ್ದು ನಿಮ್ಮನ್ನು ದಾರಿ ತಪ್ಪಿಸಬಹುದು.

ಡಿಎಂಎಸ್‌ಒದಲ್ಲಿ 10 ಮಿಲಿಮೋಲಾರ್ ದ್ರಾವಣ ಮಾಡಿ ಚಿಕ್ಕ ಟ್ಯೂಬ್‌ಗಳಲ್ಲಿ ಹಂಚಿಡಿ. ಡಿಎಂಎಸ್‌ಒ ಸುಮಾರು 18.5 ಡಿಗ್ರಿಗೇ ಗಟ್ಟಿಯಾಗುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಮೇಜಿನ ಮೇಲೆ ಅದು ಯಾವತ್ತೂ ಗಟ್ಟಿಯಾಗುವುದಿಲ್ಲ, ಹಾಗಾಗಿ ಫ್ರಿಜ್‌ನಿಂದ ತೆಗೆದಾಗ ಹುಡುಗರಿಗೆ ಆಶ್ಚರ್ಯ. ಅಂಚು ಕರಗಿದ ಕೂಡಲೇ ಪಿಪೆಟ್ ಹಾಕಬೇಡಿ. ಪೂರ್ತಿ ಕರಗಲಿ, ಅಲುಗಿಸಿ, ಬೆಳಕಿಗೆ ಹಿಡಿದು ತಳದಲ್ಲಿ ಹರಳು ಇಲ್ಲ ಅಂತ ನೋಡಿ. ಗಾಳಿಯ ತೇವವನ್ನೂ ಇದು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟರೆ ಸಾಂದ್ರತೆ ಸರಿಯುತ್ತದೆ.

ಕಿಣ್ವ ಮತ್ತು ಸೈಟೋಕೈನ್ ಬೆಂಗಳೂರು ಅಥವಾ ಹೈದರಾಬಾದ್‌ನಿಂದ ಬರುತ್ತವೆ. ಶುಕ್ರವಾರ ಕಳಿಸಬೇಡಿ ಅಂತ ಮೊದಲೇ ಹೇಳಿ, ಭಾನುವಾರ ಪೂರ್ತಿ ಕೊರಿಯರ್ ಗೋಡೌನ್‌ನಲ್ಲಿ ಕೂರುತ್ತದೆ. ಪೆಟ್ಟಿಗೆ ಕೈಗೆ ಬಂದಾಗ ಒಣ ಮಂಜುಗಡ್ಡೆ ಉಳಿದಿದೆಯಾ ಅಂತ ಫೋಟೋ ತೆಗೆದಿಡಿ. ಉಳಿದಿಲ್ಲದಿದ್ದರೆ ಆ ಕಿಣ್ವ ಬಳಸಬೇಡಿ, ಬದಲಿ ಕೇಳಿ. ಕರೆಂಟ್ ಹೋದರೆ ಫ್ರೀಜರ್ ಎಷ್ಟು ಹೊತ್ತು ತಡೆಯುತ್ತದೆ ಅಂತಲೂ ಮೊದಲೇ ತಿಳಿದಿರಲಿ.

## ಹಂತ 8: ಕಿಣ್ವದ ಪರೀಕ್ಷೆ

ಕ್ರಮ ಹೀಗಿರಲಿ. ಮೊದಲು ಅಣು ಇಲ್ಲದೆ, ಡಿಎಂಎಸ್‌ಒ ಮಾತ್ರ ಹಾಕಿ ಪ್ಲೇಟ್ ಓಡಿಸಿ. ಕಿಣ್ವ ಪೂರ್ತಿ ಚಾಲೂ ಇರುವ ಗುಳಿಗೂ (ಪ್ಲೇಟಿನ ಸಣ್ಣ ಬಟ್ಟಲು) ಪೂರ್ತಿ ನಿಂತ ಗುಳಿಗೂ ಅಂತರ ಸಾಕಷ್ಟಿದೆಯಾ ಅಂತ ಝಡ್ ಪ್ರೈಮ್ ಲೆಕ್ಕ ಹಾಕಿ. 0.5ಕ್ಕಿಂತ ಕಡಿಮೆ ಇದ್ದರೆ ನಿಲ್ಲಿಸಿ, ಪರೀಕ್ಷೆಯನ್ನೇ ಸರಿಮಾಡಿ. ಎರಡನೆಯದಾಗಿ ಟೋಫಾಸಿಟಿನಿಬ್. ಜಾಕ್1, 2, 3ರಲ್ಲಿ ಕೆಲವೇ ನ್ಯಾನೋಮೋಲಾರ್, ಟೈಕ್2ರಲ್ಲಿ ಹತ್ತಾರು ನ್ಯಾನೋಮೋಲಾರ್ ಬರಬೇಕು. ನಿಮಗೆ 500 ಬಂದರೆ ಕಿಣ್ವವೋ ದ್ರಾವಣವೋ ಕೆಟ್ಟಿದೆ. ನಿಮ್ಮ ಅಣುವಿನ ಸರದಿ ಮೂರನೆಯದು: ಹತ್ತು ಸಾಂದ್ರತೆ, ಪ್ರತಿಯೊಂದೂ ಹಿಂದಿನದರ ಮೂರನೇ ಒಂದು ಭಾಗ.

ಪರೀಕ್ಷೆಯ ದ್ರಾವಣದಲ್ಲಿ 0.01 ಶೇಕಡ ಟ್ರೈಟಾನ್ ಎಕ್ಸ್-100 ಹಾಕಿ ಒಮ್ಮೆ, ಹಾಕದೆ ಒಮ್ಮೆ ಮಾಡಿ. ಹಾಕಿದಾಗ ತಡೆ ಬಿದ್ದುಹೋದರೆ ಅಣು ಗಂಟು ಕಟ್ಟುತ್ತಿತ್ತು ಅಂತ ಅರ್ಥ. ಕಿಟ್ ಲೂಸಿಫರೇಸ್ ಬೆಳಕಿನ ಮೇಲೆ ನಡೆಯುವುದಾದರೆ ಜಾಕ್ ಹಾಕದೆ, ಎಡಿಪಿ ಮಾತ್ರ ಹಾಕಿ ಅಣುವನ್ನು ನೋಡಿ. ಆಗಲೂ ಬೆಳಕು ಕುಗ್ಗಿದರೆ ಅದು ತಡೆದದ್ದು ಲೂಸಿಫರೇಸ್ ಅನ್ನು. ದ್ರಾಕ್ಷಿಯ ರೆಸ್ವೆರಾಟ್ರಾಲ್ ಇದಕ್ಕೆ ಹೆಸರುವಾಸಿ.

ಇನ್ನು ಎಟಿಪಿ. ಇದನ್ನು ಒಂದು ಲೆಕ್ಕದಲ್ಲಿ ನೋಡೋಣ. ನಿಮ್ಮ ಅಣು ಎರಡು ಕಿಣ್ವಗಳ ಮೇಲೂ 10 ನ್ಯಾನೋಮೋಲಾರ್ ಐಸಿ50 ಕೊಟ್ಟಿತು ಅಂದುಕೊಳ್ಳಿ. ಎರಡರಲ್ಲೂ ಎಟಿಪಿ ಆಯಾ ಕಿಣ್ವದ ಕೆಎಂ ಮಟ್ಟದಲ್ಲಿ (ಕಿಣ್ವ ಅರ್ಧ ವೇಗದಲ್ಲಿ ನಡೆಯುವ ಎಟಿಪಿ ಪ್ರಮಾಣ) ಇತ್ತು. ಒಂದರ ಕೆಎಂ 5 ಮೈಕ್ರೋಮೋಲಾರ್, ಇನ್ನೊಂದರದ್ದು 50. ಎರಡಕ್ಕೂ ಕೆಐ (ಎಟಿಪಿ ಪೈಪೋಟಿ ಕಳೆದ ಮೇಲಿನ ಅಂಟುವ ಅಳತೆ) 5 ನ್ಯಾನೋಮೋಲಾರ್ ಆಯಿತು. ಈಗ ಕೋಶದೊಳಗೆ ಎಟಿಪಿ 2 ಮಿಲಿಮೋಲಾರ್ ಇದೆ ಅಂತ ಇಟ್ಟುಕೊಂಡರೆ ಮೊದಲ ಕಿಣ್ವಕ್ಕೆ ಐಸಿ50 ಸುಮಾರು 2000 ನ್ಯಾನೋಮೋಲಾರ್, ಎರಡನೆಯದಕ್ಕೆ ಸುಮಾರು 205. ಪ್ಲೇಟಿನಲ್ಲಿ ಸಮ ಇದ್ದದ್ದು ಕೋಶದಲ್ಲಿ ಹತ್ತು ಪಟ್ಟು ಬೇರೆ. ಜಾಕ್3 ಎಟಿಪಿಯನ್ನು ಜಾಕ್1ಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ಕಿಣ್ವದಲ್ಲಿ ‘ಜಾಕ್3ಕ್ಕೆ ಮಾತ್ರ’ ಅಂತ ಕಂಡ ಅಣು ಕೋಶದಲ್ಲಿ ಜಾಕ್1 ತಡೆಯುವಂತೆ ನಡೆದುಕೊಳ್ಳಬಹುದು. ವರದಿಯಲ್ಲಿ ಐಸಿ50 ಬರೆಯುವಾಗ ಎಟಿಪಿ ಎಷ್ಟಿತ್ತು ಅಂತ ಬರೆಯದಿದ್ದರೆ ಆ ಸಂಖ್ಯೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

## ಹಂತ 9: ರಕ್ತಕೋಶದಲ್ಲಿ ಸಂಕೇತ ನಿಜವಾಗಿ ನಿಂತಿತಾ?

ಇಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಒಂದಿದೆ. ರಾ 264.7 ಅನ್ನುವ ಇಲಿಯ ರೋಗನಿರೋಧಕ ಕೋಶಕ್ಕೆ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ಅಂಶ) ಹಾಕಿ, ಉರಿಯೂತದ ಸೈಟೋಕೈನ್ ಟಿಎನ್‌ಎಫ್ ಅಥವಾ ನೈಟ್ರಿಕ್ ಆಕ್ಸೈಡ್ ಇಳಿದದ್ದು ತೋರಿಸಿ, ‘ಜಾಕ್ ತಡೆದೆವು’ ಅಂತ ಬರೆಯುತ್ತಾರೆ. ಎಲ್‌ಪಿಎಸ್ ಮೊದಲು ಹಿಡಿಯುವುದು ಟಿಎಲ್‌ಆರ್4, ಎನ್‌ಎಫ್-ಕಪ್ಪಾ-ಬಿ ದಾರಿಯನ್ನು. ಜಾಕ್ ಅಲ್ಲಿ ಸುತ್ತುಬಳಸಿ ಬರುತ್ತದೆ. ಅದು ನೇರ ಪುರಾವೆ ಆಗುವುದಿಲ್ಲ. ನೇರ ಪುರಾವೆ ಬೇಕಿದ್ದರೆ ಸ್ಟಾಟ್ ಮೇಲಿನ ಫಾಸ್ಫೇಟ್ ಅಳೆಯಬೇಕು.

1. ರಕ್ತವನ್ನು ಹೆಪಾರಿನ್ ಟ್ಯೂಬ್‌ಗೆ ತೆಗೆದುಕೊಳ್ಳಿ. ಕೆಲವೇ ಗಂಟೆಯಲ್ಲಿ ಕೆಲಸ ಶುರುವಾಗಲಿ. ಬೇಸಿಗೆಯಲ್ಲಿ ಬೈಕ್ ಡಿಕ್ಕಿಯಲ್ಲಿ ಇಟ್ಟು ತಂದ ಟ್ಯೂಬ್ ಬಳಸಬೇಡಿ. ಮಂಜುಗಡ್ಡೆಯ ಮೇಲೂ ಬೇಡ, 20ರಿಂದ 25 ಡಿಗ್ರಿ ಇರುವ ಡಬ್ಬಿಯಲ್ಲಿ ತನ್ನಿ.

2. ಟ್ಯೂಬ್‌ಗಳನ್ನು 37 ಡಿಗ್ರಿಗೆ ತಂದು ಮೊದಲು ಅಣು ಹಾಕಿ. ಅರ್ಧ ಗಂಟೆ ಬಿಡಿ. ಸಾವಿರ ಪಟ್ಟು ತೆಳುವಾಗುವಂತೆ ಹಾಕಿದರೆ 10 ಮಿಲಿಮೋಲಾರ್ ದ್ರಾವಣ 10 ಮೈಕ್ರೋಮೋಲಾರ್ ಆಗುತ್ತದೆ, ಡಿಎಂಎಸ್‌ಒ 0.1 ಶೇಕಡದಲ್ಲಿ ನಿಲ್ಲುತ್ತದೆ.

3. ಆಮೇಲೆ ಸೈಟೋಕೈನ್ ಹಾಕಿ, 15 ನಿಮಿಷ. ಕ್ರಮ ತಿರುಗಿಸಿದರೆ ಸಂಕೇತ ಆಗಲೇ ಹೊರಟುಹೋಗಿರುತ್ತದೆ.

4. ಗಂಟೆ ಬಾರಿಸಿದ ಕೂಡಲೇ ಫಾರ್ಮಾಲ್ಡಿಹೈಡ್ ಇರುವ ಫಿಕ್ಸ್ ಮಾಡುವ ದ್ರಾವಣ ಹಾಕಿ. ಸ್ಟಾಟ್ ಮೇಲಿನ ಫಾಸ್ಫೇಟ್ ಕ್ಷಣಿಕ. ಚಹಾ ಕುಡಿದು ಬಂದು ಹಾಕಿದರೆ ಔಷಧ ತಡೆಯಿತೋ, ತಾನಾಗಿ ಅಳಿಯಿತೋ ಗೊತ್ತಾಗುವುದಿಲ್ಲ. ಟ್ಯೂಬ್ ಜಾಸ್ತಿ ಇದ್ದರೆ ಅರ್ಧ ನಿಮಿಷದ ಅಂತರದಲ್ಲಿ ಸೈಟೋಕೈನ್ ಹಾಕಿ, ಅದೇ ಅಂತರದಲ್ಲಿ ಫಿಕ್ಸ್ ಮಾಡಿ. ಒಬ್ಬರು ಹಾಕಲಿ, ಇನ್ನೊಬ್ಬರು ಗಡಿಯಾರ ನೋಡಿ ಕೂಗಲಿ.

5. ತಣ್ಣನೆಯ ಮೆಥನಾಲ್ ಹಾಕಿ. ಈ ಹಂತದಲ್ಲಿ ಕೋಶಗಳನ್ನು ಮೈನಸ್ 20ರಲ್ಲಿ ಇಟ್ಟುಕೊಳ್ಳಬಹುದು. ಹತ್ತಿರದಲ್ಲಿ ಫ್ಲೋ ಸೈಟೋಮೀಟರ್ (ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಓದುವ ಯಂತ್ರ) ಇಲ್ಲದವರಿಗೆ ಇದು ದೊಡ್ಡ ಅನುಕೂಲ. ಎಲ್ಲ ಮಾದರಿ ಒಟ್ಟು ಮಾಡಿ, ತಂಪು ಪೆಟ್ಟಿಗೆಯಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಒಯ್ದು ಒಂದೇ ದಿನ ಓದಿಸಬಹುದು.

6. ಟಿ ಕೋಶದ ಗುರುತಿನ ಆಂಟಿಬಾಡಿ ಮತ್ತು ಫಾಸ್ಫೊ-ಸ್ಟಾಟ್ ಆಂಟಿಬಾಡಿ ಹಾಕಿ ಓದಿ. ಮೆಥನಾಲ್ ಕೆಲವು ಗುರುತುಗಳನ್ನು ಕೆಡಿಸುತ್ತದೆ. ಆಂಟಿಬಾಡಿ ಕೊಳ್ಳುವ ಮುಂಚೆ ಅದು ಮೆಥನಾಲ್ ತಡೆಯುತ್ತದಾ ಅಂತ ಕೇಳಿ.

ಒಂದೇ ಸೈಟೋಕೈನ್ ಸಾಲದು. ಐಎಲ್-6 ಕೊಟ್ಟು ಸ್ಟಾಟ್3 ನೋಡಿದರೆ ಜಾಕ್1ರ ಕಥೆ. ಐಎಲ್-15 ಕೊಟ್ಟು ಸ್ಟಾಟ್5 ನೋಡಿದರೆ ಜಾಕ್1 ಮತ್ತು ಜಾಕ್3. ಜಿಎಂ-ಸಿಎಸ್‌ಎಫ್ ಅನ್ನುವ ಸೈಟೋಕೈನ್ ಕೊಟ್ಟು ಮಾನೋಸೈಟ್ ಅನ್ನುವ ಬಿಳಿ ರಕ್ತಕಣಗಳಲ್ಲಿ ಸ್ಟಾಟ್5 ನೋಡಿದರೆ ಜಾಕ್2. ಮೂರನ್ನೂ ಅದೇ ರಕ್ತದಲ್ಲಿ ಮಾಡಿ. ಮೊದಲೆರಡು ನಿಂತು ಮೂರನೆಯದು ನಡೆಯುತ್ತಿದ್ದರೆ ನಿಮ್ಮ ಕೈಯಲ್ಲಿ ಏನೋ ಇದೆ. ಮೂರೂ ಒಂದೇ ಪ್ರಮಾಣದಲ್ಲಿ ನಿಂತರೆ ಮೊದಲು ಕೋಶ ಬದುಕಿದೆಯಾ ನೋಡಿ.

ಬದುಕಿದೆಯಾ ಅಂತ ನೋಡಲು ಬದುಕಿದ ಕೋಶದಲ್ಲಿ ನೇರಳೆಯಾಗುವ ಎಂಟಿಟಿ ಬಣ್ಣ ಒಂದನ್ನೇ ನಂಬಬೇಡಿ. ಸಸ್ಯದ ಪಾಲಿಫೀನಾಲ್‌ಗಳು ಕೋಶವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಕೋಶ ಹಾಕದ ಗುಳಿಯಲ್ಲಿ ಅಣು ಮತ್ತು ಎಂಟಿಟಿ ಮಾತ್ರ ಹಾಕಿ ಬಣ್ಣ ಬರುತ್ತದಾ ಪರೀಕ್ಷಿಸಿ. ಬಣ್ಣ ಬಂದರೆ ಬೇರೆ ವಿಧಾನ ಹುಡುಕಿ.

ಕನಿಷ್ಠ ಮೂವರ ರಕ್ತದಲ್ಲಿ ಬೇರೆ ಬೇರೆ ದಿನ ಮಾಡಿ. ಒಬ್ಬರ ರಕ್ತವನ್ನು ಮೂರು ಗುಳಿಗೆ ಹಾಕಿದರೆ ಅದು ಮೂರು ಪ್ರಯೋಗ ಆಗುವುದಿಲ್ಲ.

## ಹಂತ 10: ಅಣುವನ್ನು ತಿದ್ದುವುದು

ಒಂದು ಸಲಕ್ಕೆ ಒಂದೇ ಬದಲಾವಣೆ. ಹಿಂಜ್ ಹಿಡಿಯುವ ಉಂಗುರ ಮುಟ್ಟಬೇಡಿ, ಅದರಿಂದ ಹೊರಟ ಬಾಲ ಬದಲಿಸಿ. ಕಿಣ್ವದ ಸಂಖ್ಯೆ ಮಾತ್ರ ನೋಡದೆ ನೀರಿನಲ್ಲಿ ಕರಗುವಿಕೆ, ಲಿವರ್ ಮೈಕ್ರೋಸೋಮ್‌ನಲ್ಲಿ ಉಳಿಯುವ ಕಾಲ, ಕೋಶಪೊರೆ ದಾಟುವ ಶಕ್ತಿ ಜೊತೆಜೊತೆಗೆ ಅಳೆಯಿರಿ. ಹೃದಯದ ಹರ್ಗ್ ಚಾನಲ್ ಪರೀಕ್ಷೆಯನ್ನೂ, ಜೀನ್ ಕೆಡಿಸುತ್ತದಾ ಅಂತ ನೋಡುವ ಏಮ್ಸ್ ಪರೀಕ್ಷೆಯನ್ನೂ ಹೊರಗಿನ ಲ್ಯಾಬ್‌ನಲ್ಲಿ ಬೇಗ ಮಾಡಿಸಿ. ಟೋಫಾಸಿಟಿನಿಬ್ ಮುಖ್ಯವಾಗಿ ಸಿವೈಪಿ3ಎ4 ಕಿಣ್ವದಿಂದ ಒಡೆಯುತ್ತದೆ, ಹಾಗಾಗಿ ಕೀಟೋಕೊನಜೋಲ್ ಜೊತೆಗೆ ಕೊಡುವಾಗ ಪ್ರಮಾಣ ಇಳಿಸುತ್ತಾರೆ. ನಿಮ್ಮ ಅಣುವಿಗೂ ಈ ಪ್ರಶ್ನೆ ಬರುತ್ತದೆ.

ಪೂರ್ತಿ ತಡೆಯುವುದೇ ಗುರಿ ಅಂತ ಅಂದುಕೊಳ್ಳಬೇಡಿ. 50 ದಾಟಿದ, ಹೃದಯದ ಅಪಾಯವಿದ್ದ ಸಂಧಿವಾತ ರೋಗಿಗಳಲ್ಲಿ ಟೋಫಾಸಿಟಿನಿಬ್ ಅನ್ನು ಟಿಎನ್‌ಎಫ್ ತಡೆಯುವ ಔಷಧಗಳ ಜೊತೆ ಹೋಲಿಸಿದಾಗ ಹೃದಯಾಘಾತದಂತಹ ಘಟನೆ ಮತ್ತು ಕ್ಯಾನ್ಸರ್ ಜಾಸ್ತಿ ಕಂಡವು. 2021ರಲ್ಲಿ ಅಮೆರಿಕದ ಎಫ್‌ಡಿಎ ಈ ಗುಂಪಿನ ಔಷಧಗಳಿಗೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಅಣು ತಿದ್ದುವಾಗ ‘ಇನ್ನೂ ಬಲ’ ಅನ್ನುವುದಕ್ಕಿಂತ ‘ಎಷ್ಟು ಹೊತ್ತು, ಎಷ್ಟು ಭಾಗ’ ಅನ್ನುವ ಪ್ರಶ್ನೆ ಕೇಳಿ.

## ಹಂತ 11: ಪ್ರಾಣಿ, ಮನುಷ್ಯ ಮತ್ತು ಕಾನೂನು

ಪ್ರಾಣಿಗಳ ಮೇಲೆ ಮಾಡುವ ಮುಂಚೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಹಂತ 9 ದಾಟದ ಅಣುವಿಗೆ ಇಲಿ ಬಲಿಕೊಡಬೇಡಿ, ಇದು ನನ್ನ ಕಳಕಳಿಯ ವಿನಂತಿ. ಇಲಿಯ ಕೋಶದಲ್ಲೂ ಅಣು ಅಷ್ಟೇ ಕೆಲಸ ಮಾಡುತ್ತದಾ ಅಂತ ಟ್ಯೂಬ್‌ನಲ್ಲಿ ಮೊದಲು ನೋಡಿ. ಮನುಷ್ಯರ ಮೇಲಿನ ಪ್ರಯೋಗ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಕೆಳಗೆ, ಕೇಂದ್ರ ಔಷಧ ನಿಯಂತ್ರಕರ ಅನುಮತಿಯೊಂದಿಗೆ ಮಾತ್ರ. ಮನೆಯವರಿಗೆ ಮಂಡಿನೋವು ಅಂತ ಲ್ಯಾಬ್ ಪುಡಿ ಕೊಡುವುದು ಅಪರಾಧ, ಅಪಾಯ ಎರಡೂ ಹೌದು.

## ಹೊರಗಿನ ಲ್ಯಾಬ್ ಕೇಳುವಾಗ ಏನು ಒಯ್ಯಬೇಕು

ದೊಡ್ಡ ಊರಿನ ಲ್ಯಾಬ್‌ಗೆ ಬರೀ ಡಾಕಿಂಗ್ ಚಿತ್ರ ಕಳಿಸಿದರೆ ಉತ್ತರ ಬರುವುದು ಕಷ್ಟ. ಒಂದೇ ಹಾಳೆ ಸಿದ್ಧ ಮಾಡಿ. ಅದರಲ್ಲಿ ಇಷ್ಟು ಇರಲಿ: ಯಾವ ಸೈಟೋಕೈನ್, ಯಾವ ಜಾಕ್. ಮರುಡಾಕಿಂಗ್‌ನ ಆರ್‌ಎಂಎಸ್‌ಡಿ. ಸಾವಿರದ ನಡುವೆ ನಿಜದ ಅಣು ಎಷ್ಟು ಸಿಕ್ಕವು. ಅಣುವಿನ ಶುದ್ಧತೆ. ಕಿಣ್ವದ ಐಸಿ50, ಪಕ್ಕದಲ್ಲಿ ಎಟಿಪಿ ಪ್ರಮಾಣ, ಅದೇ ಪ್ಲೇಟಿನ ಟೋಫಾಸಿಟಿನಿಬ್ ಸಂಖ್ಯೆ. ಡಿಟರ್ಜೆಂಟ್ ಹಾಕಿದಾಗ, ಹಾಕದಿದ್ದಾಗ. ಹಂತ 3ರಲ್ಲಿ ಬರೆದ ಕೈಬಿಡುವ ನಿಯಮ, ಸಹಿ ಮತ್ತು ತಾರೀಕಿನ ಸಮೇತ. ಕೆಳಗೆ ನಿಮಗೆ ಬೇಕಾದ ಒಂದೇ ಒಂದು ಅಳತೆ ಯಾವುದು, ಎಷ್ಟು ಮಾದರಿ, ಯಾವ ವಾರ ಅಂತ ಬರೆಯಿರಿ. ಕೋಶದ ಮಾದರಿ ಮೆಥನಾಲ್‌ನಲ್ಲಿ ಸಿದ್ಧವಿದ್ದರೆ ಅದನ್ನೂ ಸೇರಿಸಿ. ಅವರಿಗೆ ಯಂತ್ರ ಕೊಡಬೇಕಾದ ಸಮಯ ಅರ್ಧ ದಿನಕ್ಕೆ ಇಳಿಯುತ್ತದೆ.